ಬೇಡವಾದಾಗ ನಿಲ್ಲಿಸಿದರೆ ಆಯ್ತಲ್ವಾ? ಅಷ್ಟು ಸುಲಭ ಇಲ್ಲ

ಬಿಸಿಯಾಗುತ್ತಿರುವ ಭೂಮಿಯನ್ನು ತಂಪು ಮಾಡಲು ಆಕಾಶಕ್ಕೆ ಗಂಧಕದ ಕಣ ಚೆಲ್ಲಿದರೂ ಒಂದೆರಡು ವರ್ಷದಲ್ಲಿ ಅವು ತಾವಾಗಿಯೇ ಇಳಿದು ಹೋಗುತ್ತವೆ, ಮತ್ತೆ ಹೆದರಿಕೆ ಯಾಕೆ ಅಂತ ಕೇಳಿದ್ದೀರಿ. ನನಗೆ ಹೆದರಿಕೆ ಇರುವುದೇ ಅಲ್ಲಿ.

ತಂಪಾಗುವುದೇನೋ ನಿಜ. 1991ರಲ್ಲಿ ಫಿಲಿಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಸಿಡಿದು ಇಂಥದೇ ಗಂಧಕದ ಕಣಗಳು ಆಕಾಶದಲ್ಲಿ ಹರಡಿದ ಮೇಲೆ ಭೂಮಿಯ ಸರಾಸರಿ ತಾಪಮಾನ ಹೆಚ್ಚುಕಡಿಮೆ ಅರ್ಧ ಡಿಗ್ರಿ ಇಳಿದಿತ್ತು. ಆದರೆ ಕಣಗಳು ಬಿಸಿಲನ್ನು ತಡೆಯುತ್ತವೆ ಅಷ್ಟೇ, ಕಾರ್ಬನ್ ಡೈಆಕ್ಸೈಡ್ ಇದ್ದಲ್ಲೇ ಇರುತ್ತದೆ. ಮೂವತ್ತು ನಲವತ್ತು ವರ್ಷ ಆಕಾಶಕ್ಕೆ ಕಣ ಚೆಲ್ಲುತ್ತಾ, ಕೆಳಗೆ ಹೊಗೆಯನ್ನೂ ಬಿಡುತ್ತಾ ಹೋಗಿ, ಆಮೇಲೆ ಯುದ್ಧವೋ ದುಡ್ಡಿನ ತಾಪತ್ರಯವೋ ಬಂದು ಒಮ್ಮೆಲೇ ನಿಲ್ಲಿಸಿದರೆ, ಅಷ್ಟು ವರ್ಷ ತಡೆದಿಟ್ಟ ಬಿಸಿಯ ಬಹುಪಾಲು ಹತ್ತಿಪ್ಪತ್ತು ವರ್ಷದೊಳಗೆ ಮೈಮೇಲೆ ಬೀಳುತ್ತದೆ. ಕಾಡು, ಬೆಳೆ, ಪ್ರಾಣಿಗಳಿಗೆ ಅಷ್ಟು ಬೇಗ ಹೊಂದಿಕೊಳ್ಳಲು ಎಲ್ಲಿ ಸಾಧ್ಯ?

ಇನ್ನು ಮಳೆ. ಬಿಸಿಲು ಕಮ್ಮಿಯಾದರೆ ನೀರು ಆವಿಯಾಗುವುದೂ ಕಮ್ಮಿ. ಪಿನಾಟುಬೊ ಸಿಡಿದ ಮರುವರ್ಷ ನೆಲದ ಮೇಲೆ ಬಿದ್ದ ಮಳೆ ಎದ್ದು ಕಾಣುವಷ್ಟು ಇಳಿದಿತ್ತು. ಉತ್ತರ ಗೋಳಾರ್ಧದಲ್ಲಿ ಮಾತ್ರ ಕಣ ಹಾಕಿದರೆ ಆಫ್ರಿಕಾದಲ್ಲಿ ಸಹಾರಾ ಮರುಭೂಮಿಯ ದಕ್ಷಿಣದ ಅಂಚಿಗಿರುವ ಸಾಹೇಲ್‌ ಪ್ರದೇಶಕ್ಕೆ ಬರ ಬರಬಹುದು ಅಂತ ಕಂಪ್ಯೂಟರ್ ಮಾದರಿಗಳು ತೋರಿಸಿವೆ. ಯಾರಿಗೋ ತಂಪು, ಇನ್ಯಾರಿಗೋ ಬರ. ಸ್ವಿಚ್ ಯಾರ ಕೈಯಲ್ಲಿರಬೇಕು ಅಂತ ದೇಶಗಳು ಕೂತು ಒಪ್ಪಿಕೊಳ್ಳುತ್ತವೆ ಅನ್ನುವ ನಂಬಿಕೆ ನನಗಂತೂ ಇಲ್ಲ. ಓಝೋನ್ ಪದರಕ್ಕೂ ಪೆಟ್ಟು ಬೀಳುತ್ತದೆ, ಕಾರ್ಬನ್ ಡೈಆಕ್ಸೈಡ್ ಕರಗಿ ಸಮುದ್ರ ಆಮ್ಲೀಯವಾಗುವುದಂತೂ ನಿಲ್ಲುವುದೇ ಇಲ್ಲ.

ಸಂಶೋಧನೆಯೇ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ನಿಲ್ಲಿಸುವುದಿದ್ದರೆ ನಿಧಾನವಾಗಿ, ವರ್ಷಗಟ್ಟಲೆ ಸ್ವಲ್ಪಸ್ವಲ್ಪವೇ ಕಮ್ಮಿ ಮಾಡುತ್ತಾ ಬರಬೇಕು, ಅದೂ ಅಷ್ಟರೊಳಗೆ ಗಾಳಿಯಲ್ಲಿರುವ ಕಾರ್ಬನ್ ಇಳಿಸಿದ್ದರೆ ಮಾತ್ರ.