ಯೂನಿವರ್ಸಿಟಿ ಸಿಂಫನಿ ಆರ್ಕೆಸ್ಟ್ರಾದ ಕಾರ್ಯಕ್ರಮಕ್ಕೆ ಊರಿನ ಜನ ಬರುವಂತೆ ಮಾಡೋದು ಹೇಗೆ?

ಉಚಿತ ಟಿಕೆಟ್ ಕೊಡಬೇಕಾ, ಸಿನಿಮಾ ಸಂಗೀತ ನುಡಿಸಬೇಕಾ ಅಂತ ಕೇಳಿದ್ದೀರಿ. ಎರಡೂ ಆಮೇಲೆ. ಮೊದಲು ನಿಮ್ಮ ರಿಹರ್ಸಲ್ ಎಷ್ಟು ಗಂಟೆಗೆ ಅಂತ ಹೇಳಿ.

ಓದುವಾಗ ನಾನೂ ಇಂಥದ್ದೇ ಆರ್ಕೆಸ್ಟ್ರಾದ ಮ್ಯಾನೇಜರ್ ಆಗಿದ್ದೆ. ವಯೋಲಾ (ವಯಲಿನ್‌ಗಿಂತ ಸ್ವಲ್ಪ ದೊಡ್ಡ ವಾದ್ಯ) ನುಡಿಸೋದರ ಜೊತೆಗೆ ಹಾಲ್ ಬುಕ್ ಮಾಡೋದು, ಕುರ್ಚಿ ಹಾಕಿಸೋದು ಎಲ್ಲ ನನ್ನ ತಲೆಗೇ. ರಿಹರ್ಸಲ್ ರಾತ್ರಿ ಏಳಕ್ಕೆ ಇತ್ತು. ಹುಡುಗರಿಗೆ ಅದು ಬೇಸರ. ನಾಲ್ಕು ಗಂಟೆಗೆ ಹಾಲ್ ಖಾಲಿ ಇರುತ್ತಿತ್ತು, ಸರಿ, ನಾಲ್ಕಕ್ಕೆ ಬದಲಾಯಿಸಿದೆ. ಅಷ್ಟೇ ಮಾಡಿದ್ದು. ಯಾರನ್ನೂ ಹೊರಗೆ ಕಳಿಸಲಿಲ್ಲ, ಯಾರ ಜೊತೆಗೂ ಜಗಳ ಇಲ್ಲ. ವಿದ್ಯಾರ್ಥಿಗಳಿಗೆ ಕೈ ಎತ್ತಿ ಅಂದೆ, ಎತ್ತಿದರು, ನೋಟಿಸ್ ಅಂಟಿಸಿದೆ. ನಮ್ಮ ಜೊತೆ ನುಡಿಸುತ್ತಿದ್ದ, ಕೆಲಸಕ್ಕೆ ಹೋಗುವ ಊರಿನವರು ಆ ಹೊತ್ತಿಗೆ ಹೇಗೆ ಬರುತ್ತಾರೆ ಅನ್ನೋದು ಹೊಳೆಯಲೇ ಇಲ್ಲ. ಹೊಳೆದಿದ್ದರೂ ಅವರು ಅತಿಥಿಗಳು, ಆರ್ಕೆಸ್ಟ್ರಾ ನಮ್ಮದು ತಾನೇ ಅಂದುಬಿಡುತ್ತಿದ್ದೆ ಅನಿಸುತ್ತೆ.

ಯಾರು ಬಿಟ್ಟುಹೋದರು ನೋಡಿ. ವಯಲಿನ್, ಫ್ಲೂಟ್ ನುಡಿಸುವ ವಿದ್ಯಾರ್ಥಿಗಳಿಗೆ ಬರ ಇಲ್ಲ. ಊದುವ ಒಬೋ, ಬಸೂನ್, ಆಳೆತ್ತರದ ತಂತಿವಾದ್ಯ ಡಬಲ್ ಬೇಸ್ ಹಾಗಲ್ಲ. ಬಸೂನ್ ಬೆಲೆ ಕೇಳಿದರೇ ತಲೆ ತಿರುಗುತ್ತದೆ. ಡಬಲ್ ಬೇಸ್ ಇಟ್ಟರೆ ಹಾಸ್ಟೆಲ್ ರೂಮಿನಲ್ಲಿ ಮಲಗಲು ಜಾಗ ಇರಲ್ಲ. ನಮ್ಮಲ್ಲಿ ಇವನ್ನೆಲ್ಲ ನುಡಿಸುತ್ತಿದ್ದವರು ಊರಿನವರೇ. ಇಡೀ ಆರ್ಕೆಸ್ಟ್ರಾ ಶ್ರುತಿ ಮಾಡಿಕೊಳ್ಳೋದು ಒಬೋ ಕೊಡುವ ‘ಎ’ ಸ್ವರಕ್ಕೆ. ಅದೇ ಇಲ್ಲದೆ ಮೊಬೈಲ್ ಟ್ಯೂನರ್ ಹಿಡಿದು ಕೂತೆವು.

ಆ ಸಲ ಹಾಕಿಕೊಂಡಿದ್ದು ಸಂಗೀತ ರಚನೆಕಾರ ದ್ವೊರ್ಜಾಕ್‌ನ 9ನೇ ಸಿಂಫನಿ, 1893ರದ್ದು. ಅದರ ಎರಡನೇ ಭಾಗದ ಜೀವವೇ ಇಂಗ್ಲಿಷ್ ಹಾರ್ನ್ ಸೋಲೋ. ಹೆಸರು ಹಾರ್ನ್ ಆದರೂ ಅದು ಒಬೋ ಜಾತಿಯದ್ದು, ನುಡಿಸುವವರೂ ಒಬೋದವರೇ. ಕೊನೆಗೆ ಅದನ್ನು ಕ್ಲಾರಿನೆಟ್ಟಿಗೆ ಕೊಟ್ಟೆವು. ಹುಡುಗ ಚೆನ್ನಾಗಿಯೇ ನುಡಿಸಿದ, ಕೇಳಲು ಮಾತ್ರ ಅರ್ಧ ಹಾಲ್ ಜನ. ನಾವು ನಮ್ಮ ಪ್ರೇಕ್ಷಕರು ಅಂದುಕೊಂಡಿದ್ದವರು ಬಿಟ್ಟುಹೋದ ಊರಿನವರ ಮನೆಯವರು, ಆಫೀಸಿನವರು, ಅಕ್ಕಪಕ್ಕದವರು! ಬಾಡಿಗೆಗೆ ಕರೆಸಿದ ಬಸೂನ್, ಬೇಸ್‌ನವರ ಖರ್ಚಿಗೆ ಮುಂದಿನ ಕಾರ್ಯಕ್ರಮದ ದುಡ್ಡೂ ಹೋಯಿತು.

ಇನ್ನೊಂದು ನಷ್ಟ ನಿಧಾನವಾಗಿ ಗೊತ್ತಾಯಿತು. ನನ್ನ ವಯೋಲಾ ಹಾಳೆಗಳ ಅಂಚಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಪೆನ್ಸಿಲ್‌ನಲ್ಲಿ ಬರೆದಿದ್ದರು: ‘ಇಲ್ಲಿ ಹಾಳೆ ಬಿಡು, ಕಂಡಕ್ಟರ್ ಕಡೆ ನೋಡು’ (ಕಂಡಕ್ಟರ್ ಅಂದರೆ ಎದುರು ನಿಂತು ಆರ್ಕೆಸ್ಟ್ರಾ ನಡೆಸುವವರು). ವಿದ್ಯಾರ್ಥಿಗಳು ಮೂರ್ನಾಲ್ಕು ವರ್ಷಕ್ಕೆ ಖಾಲಿ. ಇಂಥದ್ದನ್ನು ಮುಂದಿನವರಿಗೆ ಹೇಳಿಕೊಡೋರು ಊರಿನವರೇ.

ಅದಕ್ಕೇ ‘ಅವರನ್ನು ನಮ್ಮ ಕಡೆ ಸೆಳೆಯೋದು’ ಅನ್ನುವ ಮಾತೇ ನನಗೆ ಸರಿ ಕಾಣಲ್ಲ. ಜರ್ಮನ್ ರಚನೆಕಾರ ಟೆಲಿಮಾನ್ ಲೈಪ್‌ಜಿಗ್ ಊರಿನಲ್ಲಿ ಕಾನೂನು ಓದುತ್ತಿದ್ದಾಗ, 1702ರಲ್ಲಿ, ಕಟ್ಟಿದ ವಿದ್ಯಾರ್ಥಿ ತಂಡವನ್ನು 1729ರಲ್ಲಿ ಇನ್ನೊಬ್ಬ ರಚನೆಕಾರ ಬಾಖ್ ವಹಿಸಿಕೊಂಡ. ಆ ತಂಡದವರು ನುಡಿಸುತ್ತಿದ್ದದ್ದು ಊರಿನ ಕಾಫಿ ಹೌಸಿನಲ್ಲಿ, ಅಂದರೆ ಊರಿನವರ ನಡುವೆಯೇ.

ರಿಹರ್ಸಲ್ ರಾತ್ರಿಗೆ ತಳ್ಳಿ. ಶಾಲೆಗಳಿಗೆ ಇಡೀ ಆರ್ಕೆಸ್ಟ್ರಾ ಸಾಗಿಸಬೇಡಿ, ಊದುವ ವಾದ್ಯದ ಐದು ಜನ ಸಾಕು. ಮಕ್ಕಳು ಹತ್ತಿರದಿಂದ ನೋಡಲಿ, ಪ್ರಶ್ನೆ ಕೇಳಲಿ. ಸಿನಿಮಾ ಸಂಗೀತ ಇಷ್ಟ ಇದ್ದರೆ ನುಡಿಸಿ, ಜನ ಬರುತ್ತಾರೆ, ಮತ್ತೆ ಸಿನಿಮಾ ಸಂಗೀತಕ್ಕೇ ಬರುತ್ತಾರೆ.

ಊರಿನವರನ್ನು ಸೇರಿಸಿದರೆ ವಿದ್ಯಾರ್ಥಿಗಳ ಜಾಗ ಹೋಗಲ್ವಾ ಅಂತೀರೇನೋ. ವಯಲಿನ್‌ನಲ್ಲಿ ಹೋಗಬಹುದು, ಅಲ್ಲಿ ಆಡಿಷನ್ ಇಟ್ಟು ವಿದ್ಯಾರ್ಥಿಗಳಿಗೇ ಮೊದಲು ಕೊಡಿ. ಬಸೂನ್‌ಗೆ ಕ್ಯೂ ನಿಂತ ವಿದ್ಯಾರ್ಥಿಯನ್ನು ನಾನಂತೂ ನೋಡಿಲ್ಲ.