ಎಣ್ಣೆಯಿಂದ ಗೋಡೆ ಆಗುತ್ತಾ?

ಪ್ರಶ್ನೆ: ಮಗಳು ಮೊದಲ ಪಿಯುಸಿ. ಜೀವಕೋಶದ ಪೊರೆ ಫಾಸ್ಫೋಲಿಪಿಡ್ ಅನ್ನೋ ಕೊಬ್ಬಿನದ್ದು ಅಂತ ಉರು ಹೊಡೆಯುತ್ತಿದ್ದಾಳೆ. ಸಾರಿನ ಮೇಲೆ ಎಣ್ಣೆ ಗುಂಡಗುಂಡಗೆ ತೇಲೋದು ನೋಡಿದ್ದೇನೆ. ಅಂಥದ್ದರಿಂದ ಗೋಡೆ ಹೇಗಾಗುತ್ತೆ?
– ಓದುಗರು, ಹನುಮಂತನಗರ, ಬೆಂಗಳೂರು

ಉತ್ತರ: ನಿಮ್ಮ ಅನುಮಾನ ಸರಿ, ಬರೀ ಎಣ್ಣೆಯಿಂದ ಆಗುವುದಿಲ್ಲ. ಎಣ್ಣೆಯ ಅಣುವಿನಲ್ಲಿ ಗ್ಲಿಸರಾಲ್ ಅನ್ನೋ ಬೆನ್ನೆಲುಬಿಗೆ ಕೊಬ್ಬಿನಾಮ್ಲದ ಮೂರು ಬಾಲಗಳಿರುತ್ತವೆ, ಮೂರಕ್ಕೂ ನೀರು ಕಂಡರಾಗದು. ಫಾಸ್ಫೋಲಿಪಿಡ್‌ನಲ್ಲಿ ಬಾಲ ಎರಡೇ. ಮೂರನೆಯದರ ಜಾಗದಲ್ಲಿ ಫಾಸ್ಫೇಟ್ ಇರುವ ತಲೆ ಕೂತಿದೆ, ಅದಕ್ಕೆ ನೀರೇ ಬೇಕು.

ಮನೆಯಲ್ಲಿ ಮೊಟ್ಟೆ ತಿನ್ನೋರಾದರೆ ಎರಡು ಲೋಟ ನೀರಿಗೆ ಒಂದೊಂದು ಚಮಚ ಎಣ್ಣೆ ಹಾಕಿ, ಒಂದಕ್ಕೆ ಮಾತ್ರ ಮೊಟ್ಟೆಯ ಹಳದಿ ಸೇರಿಸಿ, ಎರಡನ್ನೂ ಚೆನ್ನಾಗಿ ಕಡೆಯಿರಿ. ಹಳದಿ ಇಲ್ಲದ ಲೋಟದಲ್ಲಿ ಎಣ್ಣೆ ಬೇಗ ಮೇಲೆ ಬಂದು ಕೂರುತ್ತದೆ. ಇನ್ನೊಂದು ಮಜ್ಜಿಗೆ ಹಾಗೆ ಕದಡಿಕೊಂಡೇ ಇರುತ್ತದೆ. ಹಳದಿಯ ಲೆಸಿಥಿನ್‌ನಲ್ಲಿರುವುದು ಇದೇ ಫಾಸ್ಫೋಲಿಪಿಡ್. ಬಾಲ ಎಣ್ಣೆಯೊಳಗೆ, ತಲೆ ನೀರಿನ ಕಡೆ, ಹೀಗೆ ಹನಿಯ ಸುತ್ತ ಸಾಲಾಗಿ ನಿಲ್ಲುತ್ತದೆ. (ಮೊಟ್ಟೆ ಮುಟ್ಟದವರು ಚಾಕೊಲೇಟ್ ಪೊಟ್ಟಣದ ಹಿಂದೆ 322 ಅಂತ ಹುಡುಕಿ. ಅದೂ ಲೆಸಿಥಿನ್ನೇ, ಹೆಚ್ಚಾಗಿ ಸೋಯಾದ್ದು.)

ಹನಿಯ ಒಳಗೆ ಎಣ್ಣೆ ಇದೆ, ಒಂದು ಸಾಲು ಸಾಕು. ಆದರೆ ಜೀವಕೋಶದ ಒಳಗೂ ನೀರು, ಹೊರಗೂ ನೀರು. ಬಾಲಗಳು ಎಲ್ಲಿ ಬಚ್ಚಿಟ್ಟುಕೊಳ್ಳಬೇಕು? ಎರಡು ಸಾಲು ಬಾಲಕ್ಕೆ ಬಾಲ ತಾಗಿಸಿ ನಿಲ್ಲುತ್ತವೆ, ತಲೆಗಳು ಎರಡೂ ಕಡೆಯ ನೀರಿಗೆ. 1925ರಲ್ಲಿ ಗೋರ್ಟರ್ ಮತ್ತು ಗ್ರೆಂಡೆಲ್ ಅನ್ನೋ ಡಚ್ ವಿಜ್ಞಾನಿಗಳು ಕೆಂಪು ರಕ್ತಕಣಗಳ ಕೊಬ್ಬು ತೆಗೆದು ನೀರಿನ ಮೇಲೆ ಒಂದೇ ಸಾಲಿನ ದಪ್ಪಕ್ಕೆ ಹರಡಿದಾಗ, ಕಣಗಳ ಮೈಯಳತೆಯ ಎರಡರಷ್ಟು ಜಾಗ ಹಿಡಿಯಿತು. ತಮಾಷೆ ಏನಂದ್ರೆ ಅವರು ಕೊಬ್ಬನ್ನೂ ಪೂರ್ತಿ ತೆಗೆದಿರಲಿಲ್ಲ, ಕಣದ ಮೈಯನ್ನೂ ಕಡಿಮೆ ಅಳೆದಿದ್ದರು, ಎರಡು ತಪ್ಪು ಸೇರಿ ಉತ್ತರ ಮಾತ್ರ ಸರಿ ಬಂತು!

ಈ ಎರಡು ಸಾಲಿನ ದಪ್ಪ ಸುಮಾರು 5 ನ್ಯಾನೊಮೀಟರ್, ಅಂದರೆ ಮಿಲಿಮೀಟರನ್ನು ಎರಡು ಲಕ್ಷ ಪಾಲು ಮಾಡಿದರೆ ಅದರಲ್ಲೊಂದು. ಆಕ್ಸಿಜನ್ ಸಲೀಸಾಗಿ ತೂರುತ್ತದೆ. ಸೋಡಿಯಂ, ಪೊಟ್ಯಾಸಿಯಂ ಅಯಾನುಗಳಿಗೆ (ವಿದ್ಯುದಾವೇಶ ಇರುವ ಕಣಗಳಿಗೆ) ನಡುವಿನ ಬಾಲಗಳು ದಾರಿ ಬಿಡುವುದಿಲ್ಲ, ಅವು ಪ್ರೋಟೀನಿನ ಬಾಗಿಲಿನಿಂದಲೇ ಬರಬೇಕು.

ಗೋಡೆ ಅಂದಿರಲ್ಲ, ಆ ಮಾತೊಂದು ಬಿಟ್ಟುಬಿಡಿ. ಅಣುಗಳು ಸಾಲಿನೊಳಗೆ ಸದಾ ಅಕ್ಕಪಕ್ಕ ಜಾರುತ್ತಲೇ ಇರುತ್ತವೆ. ಡಿಸೆಂಬರ್ ಚಳಿಗೆ ನಮ್ಮೂರಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗುತ್ತೆ ಅಲ್ವಾ? ಅದರ ಬಾಲಗಳು ಜಾಸ್ತಿ ನೇರ, ಒತ್ತೊತ್ತಾಗಿ ಕೂರುತ್ತವೆ. ಪೊರೆಯಲ್ಲಿ ಎಷ್ಟೋ ಬಾಲಗಳು ಮಧ್ಯೆ ಸೊಟ್ಟಗಿವೆ, ಅದಕ್ಕೇ ಹೆಪ್ಪುಗಟ್ಟುವುದಿಲ್ಲ. ಪಕ್ಕದಲ್ಲೇ ಇರುವ ಕಡಲೆಕಾಯಿ ಎಣ್ಣೆ ಅದೇ ಚಳಿಯಲ್ಲಿ ನೀರಾಗೇ ಇರುವುದಕ್ಕೂ ಇದೇ ಕಾರಣ.