ಸಂದೇಶ ಆಮೇಲೆ, ಮೊದಲು ಯಾರಿಗೆ ಏನು ಗೊತ್ತು ನೋಡಿ

ಪ್ರಶ್ನೆ: ಧಾರವಾಡದಲ್ಲಿ ರಂಗ ತರಬೇತಿ ಪಡೆಯುತ್ತಿದ್ದೇನೆ. ಗಿರೀಶ ಕಾರ್ನಾಡರ ‘ತುಘಲಕ್’ ನಾಟಕದ ವಿಶ್ಲೇಷಣೆ ಬರೆದೆ. ಕಥೆ ಗೊತ್ತು, ಸಂದೇಶವೂ ಗೊತ್ತು. ಆದರೆ ಮೂರನೇ ದೃಶ್ಯದ ಸುಲ್ತಾನನಾಗಿ ನಿಂತರೆ ಏನು ಮಾಡಬೇಕು ಅಂತಲೇ ತೋಚುವುದಿಲ್ಲ. ಎಲ್ಲಿ ತಪ್ಪಿದೆ ಸರ್?

ಉತ್ತರ: ನಾಟಕ ಬೇರೆ ಇರಬಹುದು, ಪ್ರಶ್ನೆ ಮಾತ್ರ ಇದೇ ಬರುತ್ತಲೇ ಇದೆ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಇದಕ್ಕೇ.

ನಿಮ್ಮ ನೋಟ್‌ಬುಕ್ಕಿನಲ್ಲಿ ಏನಿದೆ ಎಂದು ಊಹಿಸಬಲ್ಲೆ. ಸುಲ್ತಾನ 1325ರಿಂದ 1351ರವರೆಗೆ ಆಳಿದ. ದಿಲ್ಲಿಯಿಂದ ದೌಲತಾಬಾದಿಗೆ ರಾಜಧಾನಿ ಸಾಗಿಸಿದ. ತಾಮ್ರದ ನಾಣ್ಯ ತಂದ. ನಾಟಕ ಬಂದದ್ದು 1964ರಲ್ಲಿ, ಅದರಲ್ಲಿ ನೆಹರೂ ಕಾಲದ ಆದರ್ಶ ಕುಸಿದ ನೋವಿದೆ. ಇದ್ಯಾವುದೂ ಸುಳ್ಳಲ್ಲ, ಪರೀಕ್ಷೆಯಲ್ಲಿ ಅಂಕವೂ ಬರುತ್ತದೆ. ಆದರೆ ಒಂದು ಕಾಲದ ನಿರಾಸೆಯನ್ನು ಯಾವ ನಟನೂ ಆಡಿ ತೋರಿಸಲಾರ. ನಟನಿಗೆ ಬೇಕಾದದ್ದು ಎದುರಿಗಿರುವವನಿಗೆ ಮಾಡುವ ಕೆಲಸ.

ಈಗ ಮೂರನೇ ದೃಶ್ಯವನ್ನೇ ತೆಗೆಯಿರಿ. ಸುಲ್ತಾನನನ್ನು ಬಹಿರಂಗವಾಗಿ ಟೀಕಿಸುವ ಶೇಖ್ ಇಮಾಮುದ್ದೀನನ ಭಾಷಣಕ್ಕೆ ಸುಲ್ತಾನನೇ ಊರ ಜನರನ್ನೆಲ್ಲ ಕರೆದಿದ್ದಾನೆ. ಇಬ್ಬರೂ ಕಾಯುತ್ತಾರೆ. ಒಬ್ಬನೂ ಬರುವುದಿಲ್ಲ. ಆಮೇಲೆ ಸುಲ್ತಾನ ಶೇಖನನ್ನು ತನ್ನ ಪರವಾಗಿ, ದಂಗೆ ಎದ್ದವನ ಜೊತೆ ಸಂಧಾನಕ್ಕೆ ಹೋಗಲು ಒಪ್ಪಿಸುತ್ತಾನೆ. ಮೊದಲ ಓದಿನಲ್ಲಿ ಜನರೇ ಬೇಜವಾಬ್ದಾರಿಗಳು ಅನ್ನಿಸುತ್ತದೆ. ನಾಲ್ಕನೇ ದೃಶ್ಯಕ್ಕೆ ಬನ್ನಿ. ಭಾಷಣಕ್ಕೆ ಹೋಗಕೂಡದೆಂದು ಸೈನಿಕರು ಮನೆಮನೆಗೂ ಹೋಗಿ ಹೆದರಿಸಿದ್ದರು ಎಂದು ರತನ್‌ಸಿಂಗ್ ಎಂಬ ಪಾತ್ರ ಹೇಳುತ್ತದೆ. ಸುಲ್ತಾನನ ಉಡುಪಿನಲ್ಲಿ ಹೋದ ಶೇಖ್ ರಣರಂಗದಲ್ಲಿ ಸತ್ತಿದ್ದಾನೆ. ಸಾಲದ್ದಕ್ಕೆ ಅವನು ನೋಡಲೂ ಸುಲ್ತಾನನ ಹಾಗೇ ಇದ್ದ.

ಇದು ಗೊತ್ತಾದ ಮೇಲೆ ಮೂರನೇ ದೃಶ್ಯಕ್ಕೆ ವಾಪಸ್ ಹೋಗಿ ಓದಿದ್ದೀರಾ? ಇಲ್ಲ, ಅಲ್ವಾ? ಸುಮ್ನೆ ಮುಂದಕ್ಕೆ ಓದಿಕೊಂಡು ಹೋದರೆ ಅದು ಕಥೆ ಓದಿದ ಹಾಗಾಯಿತು. ನಟ ಹಿಂದಕ್ಕೂ ಓದಬೇಕು.

ಹೋಗಿ ನೋಡಿ, ಯಾರಿಗೆ ಏನು ಗೊತ್ತು? ಜನ ಬರುವುದಿಲ್ಲ ಎಂದು ಸುಲ್ತಾನನಿಗೆ ಗೊತ್ತು. ಶೇಖನಿಗೆ ಗೊತ್ತಿಲ್ಲ. ಮನೆಯೊಳಗೆ ಕೂತ ಜನಕ್ಕೆ ಗೊತ್ತು. ಪ್ರೇಕ್ಷಕನಿಗೆ ಇನ್ನೂ ಗೊತ್ತಿಲ್ಲ. ಅಂದರೆ ಆ ಖಾಲಿ ಅಂಗಳದಲ್ಲಿ ನಿಜವಾಗಿ ಕಾಯುತ್ತಿರುವವನು ಒಬ್ಬನೇ. ಇನ್ನೊಬ್ಬ ಕಾಯುವವನಂತೆ ನಟಿಸುತ್ತಿದ್ದಾನೆ, ಅದೂ ಪ್ರೇಕ್ಷಕನಿಗೆ ಅನುಮಾನ ಬರದ ಹಾಗೆ. ನಿಮಗೆ ತೋಚದೇ ಇದ್ದ ಕೆಲಸ ಇದೇ.

ಇನ್ನು ದೃಶ್ಯವನ್ನು ತುಂಡು ಮಾಡಿ. ಸುಲ್ತಾನನಿಗೆ ಬೇಕಾದದ್ದು ಎಲ್ಲಿ ಬದಲಾಗುತ್ತದೋ ಅಲ್ಲೊಂದು ಗೆರೆ ಎಳೆಯಿರಿ. ಪ್ರತಿ ತುಂಡಿಗೆ ಒಂದು ಕ್ರಿಯಾಪದ ಬರೆಯಿರಿ: ಶೇಖನನ್ನು ಒಂಟಿ ಮಾಡುವುದು, ಅವನ ಹುರುಪು ಇಳಿಸುವುದು, ಹೊಗಳಿ ಕಟ್ಟಿಹಾಕುವುದು, ಒಪ್ಪಿಸುವುದು. ‘ಕೋಪ’, ‘ಕಪಟ’ ಎಂದು ಬರೆದರೆ ನಾನು ಹೊಡೆದು ಹಾಕುತ್ತೇನೆ. ಕಪಟ ಎಂದು ಬರೆದುಕೊಂಡ ಹುಡುಗ ಹುಬ್ಬು ಕುಣಿಸಲು ಶುರು ಮಾಡುತ್ತಾನೆ, ಅಲ್ಲಿಗೆ ಗುಟ್ಟು ರಟ್ಟು. ನಾಲ್ಕನೇ ದೃಶ್ಯಕ್ಕೆ ಏನೂ ಉಳಿಯುವುದಿಲ್ಲ. ಶೇಖನ ಪಾತ್ರಕ್ಕೂ ಇದೇ ಕೆಲಸ ಮಾಡಿ. ಅವನು ದಡ್ಡನಲ್ಲ. ಒಪ್ಪಿಕೊಳ್ಳಲು ಅವನದೇ ಕಾರಣ ಇರಲೇಬೇಕು. ಅದು ಸಿಗುವವರೆಗೆ ತಾಲೀಮಿಗೆ ಇಳಿಯಬೇಡಿ.

ಎರಡು ದಿನದ ಶಿಬಿರ ಮಾಡಿ, ಪ್ರತಿ ಮಾತಿನ ಪಕ್ಕ ಒಂದೊಂದು ರಸದ ಹೆಸರು ಬರೆಸಿ ದುಡ್ಡು ಎಣಿಸುವವರಿದ್ದಾರೆ. ಅವರ ಹತ್ತಿರ ಹೋಗಬೇಡಿ. ವಿಭಾವ (ಭಾವಕ್ಕೆ ಕಾರಣ), ಅನುಭಾವ (ಅದು ಹೊರಗೆ ಕಾಣುವ ಬಗೆ), ವ್ಯಭಿಚಾರಿ ಭಾವಗಳು (ನಡುವೆ ಬಂದುಹೋಗುವ ಭಾವಗಳು) ಕೂಡಿದಾಗ ರಸ ಹುಟ್ಟುತ್ತದೆ ಎಂದ ನಾಟ್ಯಶಾಸ್ತ್ರದ ಭರತ. ಕಾರಣವನ್ನೇ ಹುಡುಕದೆ ಶೃಂಗಾರ, ರೌದ್ರ ಎಂದು ಚೀಟಿ ಅಂಟಿಸಿದರೆ ಅದು ಭರತನಿಗೂ ಅವಮಾನ, ನಿಮಗೂ ನಷ್ಟ.

ಪ್ರಶ್ನೆ: ಯೂಟ್ಯೂಬಿನಲ್ಲಿ ಪ್ರಯೋಗ ನೋಡಿ ವಿಶ್ಲೇಷಣೆ ಬರೆಯಬಹುದೇ? (ಹಾವೇರಿ)

ಉತ್ತರ: ಬೇಡ. ಅದು ಬೇರೆ ನಿರ್ದೇಶಕರ ವಿಶ್ಲೇಷಣೆ.

ಪ್ರಶ್ನೆ: ಕಂಪನಿ ನಾಟಕಗಳಲ್ಲಿ ಕಥೆಗೆ ಸಂಬಂಧವಿಲ್ಲದ ಹಾಸ್ಯ ಬರುತ್ತದೆ. ವಿಶ್ಲೇಷಣೆಯಲ್ಲಿ ಬಿಡಬಹುದೇ? (ಗದಗ)

ಉತ್ತರ: ಗದಗಿನವರೇ ಹೀಗೆ ಕೇಳಿದರೆ ಹೇಗೆ? ನಾಟಕ ಕಂಪನಿ ನಡೆಸಿದ ಗರೂಡ ಸದಾಶಿವರಾಯರ ಊರು ನಿಮ್ಮದು. ಮುಂದೆ ರಸ್ತೆ ಬರೆದ ಪರದೆ ಬಿಟ್ಟು ಹಾಸ್ಯ ನಡೆಸುವಾಗ ಹಿಂದೆ ದರಬಾರಿನ ಸೆಟ್ ಕಟ್ಟುತ್ತಿದ್ದರು. ವಿಶ್ಲೇಷಣೆಯಿಂದ ಆ ಹಾಸ್ಯ ಕೈಬಿಡುವ ಮೊದಲು ಅದರ ಹಿಂದಿನ, ಮುಂದಿನ ದೃಶ್ಯ ಎಲ್ಲಿ ನಡೆಯುತ್ತವೆ ನೋಡಿ.

ಪ್ರಶ್ನೆ: ಗ್ರಾಂಥಿಕ ಮಾತುಗಳನ್ನು ನಮ್ಮ ಹುಬ್ಬಳ್ಳಿ ಮಾತಿಗೆ ತಿರುಗಿಸಿಕೊಳ್ಳಬಹುದೇ?

ಉತ್ತರ: ಅನುಮತಿ ಇದ್ದರೆ ಆಗಬಹುದು, ಆದರೆ ಅವಸರ ಬೇಡ. ಯಾರು ಯಾರಿಗೆ ‘ನೀವು’ ಅನ್ನುತ್ತಾರೆ, ಯಾರಿಗೆ ‘ನೀನು’ ಅನ್ನುತ್ತಾರೆ, ಎಲ್ಲಿ ಒಮ್ಮೆಲೇ ಬದಲಾಯಿಸುತ್ತಾರೆ ಎಂದು ಮೊದಲು ಗುರುತು ಹಾಕಿ. ನಮ್ಮ ಕಡೆ ‘ಬರ್ರೀ’ ಅನ್ನುವುದಕ್ಕೂ ‘ಬಾ’ ಅನ್ನುವುದಕ್ಕೂ ಎಷ್ಟು ಅಂತರ ಎಂದು ನಿಮಗೆ ಹೇಳಬೇಕಿಲ್ಲ. ಆ ಗುರುತಿನ ಜಾಗಗಳು ನಿಮ್ಮ ಮಾತಿನಲ್ಲೂ ಉಳಿಯಬೇಕು. ಎಲ್ಲರ ಬಾಯಲ್ಲೂ ಒಂದೇ ಸಮ ‘ರೀ’ ಸೇರಿಸಿದ ಸ್ಕ್ರಿಪ್ಟ್ ನನಗೆ ಕಳಿಸಬೇಡಿ.